ಕಾಡು ನೋಡಿದ ಮೇಲೆ ಎಲ್ಲಿಗೆ?

ಸಫಾರಿ ಎಂದೊಡನೆ ಓದುಗರ ಕಣ್ಣ ಮುಂದೆ ತೆರೆದ ಜೀಪು, ಕೊರಳಿಗೆ ತೂಗಿದ ದುರ್ಬೀನು, ಹುಲ್ಲಿನ ಮರೆಯಲ್ಲಿ ಹೊಂಚುತ್ತಿರುವ ಹುಲಿ ಇವೆಲ್ಲ ಬಂದು ನಿಲ್ಲುವುದು ಸಹಜ. ಆಳಂದದಲ್ಲಿ ಹತ್ತು ವರ್ಷಗಳಿಂದ ಕನ್ನಡ ಪಾಠ ಹೇಳಿಕೊಂಡಿರುವ ನನಗಾದರೋ ಆ ಶಬ್ದವನ್ನು ಕೇಳಿದಾಗ ನೆನಪಾಗುವುದು ನಮ್ಮ ಬಸ್ ನಿಲ್ದಾಣ. ಲಾಡ್ಲೆ ಮಶಾಕರ ದರ್ಗಾಕ್ಕೆಂದು ದೂರದೂರುಗಳಿಂದ ಬಂದಿಳಿಯುವವರನ್ನು ಅಲ್ಲಿಯ ಹಿರಿಯರು ‘ಸಫರ್ ಹೇಗಾಯಿತು?’ ಎಂದು ವಿಚಾರಿಸುತ್ತಾರೆ. ಅರಬ್ಬಿಯ ‘ಸಫರ್’ ಎಂದರೆ ಪ್ರಯಾಣ. ಅದು ಹಡಗಿನ ವ್ಯಾಪಾರಿಗಳೊಡನೆ ಆಫ್ರಿಕದ ಪೂರ್ವ ತೀರಕ್ಕೆ ಹೋಗಿ, ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ಯಾಗಿ, ಅಲ್ಲಿಂದ ಇಂಗ್ಲಿಷನ್ನು ಹೊಕ್ಕು, ಜಗತ್ತನ್ನೆಲ್ಲ ಸುತ್ತಿ, ಕೊನೆಗೆ ನಮ್ಮ ಅಣ್ಣನ ಬಾಯಿಂದ ದೂರವಾಣಿಯ ಮೂಲಕ ನನ್ನ ಕಿವಿಗೆ ಬಂದು ಬಿದ್ದಿತು. 2024ರ ದೀಪಾವಳಿ ಕಳೆದು ನಾಲ್ಕೈದು ದಿನಗಳಾಗಿದ್ದುವು.

‘ಡಿಸೆಂಬರಿನಾಗ ಬರ್ತೀವಿ. ಎಲ್ಲಾರೂ ಕೂಡಿ ಕಬಿನಿಗಿ ಸಫಾರಿ ಹೋಗೂಣು. ಅದು ಮುಗದ ಮ್ಯಾಲ ನಾಕು ದಿನ ಎಲ್ಲಿಗರ ಐಷಾರಾಮದ ಜಾಗಕ್ಕ. ಎಲ್ಲಿಗಂತ ನೀನ ನೋಡು’ ಎಂದು ಅಣ್ಣ ಅಮೆರಿಕೆಯಿಂದ ಅಪ್ಪಣೆ ಕೊಡಿಸಿದ. ನಾನು ಭಾಷೆಯ ಮೇಷ್ಟರು. ‘ಐಷಾರಾಮ’ ಎಂಬ ಮಾತನ್ನು ಒಡೆದು ನೋಡದೆ ಇರಲಾರೆ. ಐಷ್ ಮತ್ತು ಆರಾಮ್ ಎಂಬ ಎರಡು ಶಬ್ದಗಳು ಕೂಡಿ ಆದದ್ದು ಅದು. ಮೊದಲನೆಯದು ಭೋಗ, ಎರಡನೆಯದು ನೆಮ್ಮದಿ. ಮನೆಯವರೊಡನೆ ನಾಲ್ಕು ದಿನ ಎಲ್ಲಿಗಾದರೂ ಹೋಗಿ ಬಂದವರಿಗೆಲ್ಲ ತಿಳಿದಿರುವಂತೆ, ಈ ಎರಡೂ ಒಂದೇ ಕೋಣೆಯಲ್ಲಿ ದೊರೆಯುವುದು ಅಪರೂಪ.

ನಮ್ಮ ಸಂಸಾರದ ಭೂಗೋಳವನ್ನು ಇಲ್ಲಿ ಸ್ವಲ್ಪ ಹೇಳಿಬಿಡಬೇಕು. ನನ್ನ ಅನ್ನ ಆಳಂದದಲ್ಲಿ. ಹುಟ್ಟೂರು ಅಫಜಲಪುರ ತಾಲೂಕಿನಲ್ಲಿ, ಭೀಮೆಯ ದಂಡೆಯಿಂದ ಅರ್ಧ ಹರಿದಾರಿ. ಹೆಂಡತಿಯ ತವರು ಜೇವರ್ಗಿ. ಮೂರೂ ಬಿಸಿಲಿನ ಸೀಮೆಗಳೇ. ತೊಗರಿ, ಬಿಳಿಜೋಳ, ಕಡಲೆ ನಮ್ಮ ಬೆಳೆ. ಕಪ್ಪು ಮಣ್ಣು ನಮ್ಮ ಆಸ್ತಿ. ಊರಲ್ಲಿ ಅಪ್ಪ, ಅವ್ವ ಇಬ್ಬರೇ ಇದ್ದಾರೆ. ಅಪ್ಪನಿಗೆ ಎಪ್ಪತ್ತಾರು ತುಂಬಿದೆ. ಅವ್ವನ ವಯಸ್ಸು ಯಾರಿಗೂ ಗೊತ್ತಿಲ್ಲ. ಮೊಣಕಾಲ ನೋವಿನ ವಯಸ್ಸು ಮಾತ್ರ ಎಂಟು ವರ್ಷವೆಂದು ಗೊತ್ತು. ಅಣ್ಣ ಪರದೇಶಕ್ಕೆ ಹೋಗಿ ಹನ್ನೊಂದು ವರ್ಷಗಳಾದುವು. ನಡುವೆ ಎರಡು ಸಾರಿ ಬಂದಿದ್ದ. ಎರಡು ಸಾರಿಯೂ ಬೇಸಿಗೆಯಲ್ಲಿ, ಅವನ ಮಕ್ಕಳು ಬೊಕ್ಕೆ ಎದ್ದು ಅಳುವಷ್ಟರಲ್ಲಿ ಹಿಂದಿರುಗಿದ್ದ.

ಪಂಚಾಂಗ ತೆಗೆದು ನೋಡಿದೆ. ಆ ವರ್ಷ ಎಳ್ಳಮವಾಸ್ಯೆ ಬಿದ್ದದ್ದು ಡಿಸೆಂಬರ್ 30, ಸೋಮವಾರ. ಅಣ್ಣನ ಕುಟುಂಬ ಬೆಂಗಳೂರಿಗೆ ಬಂದಿಳಿಯುವುದು 20ಕ್ಕೆ, ಮರಳಿ ವಿಮಾನ ಹತ್ತುವುದು ಜನವರಿ ಮೊದಲ ವಾರ. ಅಪ್ಪನಿಗೆ ಸುದ್ದಿ ಮುಟ್ಟಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎಳ್ಳಮಾಸಿಗಿ ಹೊಲದಾಗ ಇರ್ತಾನಿಲ್ಲೋ?’ ಹಿಂದಿನ ವರ್ಷ, 2023ರಲ್ಲಿ, ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಿತ್ತು. ಕಲಬುರಗಿ ಜಿಲ್ಲೆಯೂ ಅದರಲ್ಲಿತ್ತು. ಆ ಎಳ್ಳಮವಾಸ್ಯೆಯಂದು ಅಪ್ಪ ಮೊಣಕಾಲೆತ್ತರವೂ ಬಾರದ ಜೋಳದ ನಡುವೆ ಚರಗ ಚೆಲ್ಲಿ ಬಂದಿದ್ದರು. ಈ ಸಾರಿ ಮಳೆಯಾಗಿತ್ತು. ಜೋಳ ಆಳೆತ್ತರಕ್ಕೆ ಹೋಗಿತ್ತು. ಅದನ್ನು ದೊಡ್ಡ ಮಗ ನೋಡಬೇಕೆಂಬುದು ಅವರ ಆಸೆ. ಆದರೆ ಅಪ್ಪ ಆಸೆಯನ್ನು ಆಸೆಯ ರೂಪದಲ್ಲಿ ಹೇಳುವವರಲ್ಲ. ‘ಹೊಲ ಕಾಯೋರು ಯಾರು?’ ಎಂದು ಹೇಳುವವರು.

ಹೀಗೆ ಸ್ಥಳ ಹುಡುಕುವ ಕೆಲಸ ನನಗೆ ಅಂಟಿತು. ಅಲ್ಲಿಯವರೆಗೆ ನಾನು ನೋಡಿದ ಐಷಾರಾಮವೆಂದರೆ ಮೌಲ್ಯಮಾಪನಕ್ಕೆ ಹೋದಾಗ ತಂಗಿದ ಬಿಸಿನೀರಿನ ಲಾಡ್ಜು. ಒಂದು ವಾರ ಕೂತು ವಿಚಾರಿಸಿದೆ. ಶ್ರೀಮಂತರ ಸಫಾರಿಗೆ ಎರಡನೆಯ ಅಂಕವೆಂದು ಒಂದು ಇರುವುದು ಆಗ ತಿಳಿಯಿತು. ಟಾಂಜಾನಿಯದ ಸೆರೆಂಗೆಟಿಯಲ್ಲಿ ಸಿಂಹ ನೋಡಿದವರು ಝಾಂಜಿಬಾರ್ ದ್ವೀಪಕ್ಕೆ ಹೋಗಿ ಮರಳಿನಲ್ಲಿ ಮಲಗುತ್ತಾರೆ. ಕೀನ್ಯದ ಮಸಾಯ್ ಮಾರಾದಿಂದ ಮೊಂಬಾಸಾದ ಕಡಲ ಕರೆಗೆ ಇಳಿಯುತ್ತಾರೆ. ದಕ್ಷಿಣ ಆಫ್ರಿಕದ ಕ್ರೂಗರ್ ಮುಗಿಸಿದವರು ಮಾರಿಷಸ್ಸಿಗೆ ಹಾರುತ್ತಾರೆ. ಇದಕ್ಕೆ ಕಾರಣ ಭೋಗಲಾಲಸೆ ಒಂದೇ ಅಲ್ಲವೆಂದು ಕಬಿನಿಗೆ ಹೋಗಿ ಬಂದ ಮೇಲೆ ನನಗೆ ಹೊಳೆಯಿತು. ಸಫಾರಿಯಲ್ಲಿ ಬೆಳಗಿನ ಐದಕ್ಕೇ ಏಳಬೇಕು. ಚಳಿಯಲ್ಲಿ ಜೀಪಿನಲ್ಲಿ ಕುಲುಕಬೇಕು. ಉಸಿರು ಬಿಗಿಹಿಡಿದು ಪೊದೆಯನ್ನು ದಿಟ್ಟಿಸಬೇಕು. ಎರಡು ದಿನ ಹೀಗಾದರೆ ಮೂರನೆಯ ದಿನ ದೇಹ ತಾನಾಗಿ ಮುಷ್ಕರ ಹೂಡುತ್ತದೆ.

ಅಣ್ಣನ ಮನಸ್ಸು ಮೊದಲು ಮಾಲ್ದೀವಿಗೆ ಹೋಗಿತ್ತು. ಅಪ್ಪ ಅವ್ವರಿಗೆ ಪಾಸ್‌ಪೋರ್ಟೇ ಇಲ್ಲವೆಂದಾಗ ಆ ಮಾತು ನೀರಿನಲ್ಲಿ ಮುಳುಗಿತು. ಎರಡನೆಯದು ಕೊಡಗು. ಕಬಿನಿಗೆ ಹತ್ತಿರ, ಕುಟ್ಟದ ದಾರಿಯಿಂದ ಅರ್ಧ ದಿನದ ಪಯಣ. ಕಾಫಿಯ ತೋಟದ ನಡುವೆ ಒಂದೊಂದು ಮನೆಗೂ ಒಂದೊಂದು ಈಜುಕೊಳ ಇಟ್ಟಿರುವ ರಿಸಾರ್ಟುಗಳು ಅಲ್ಲಿವೆ. ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಕೊಯ್ಲು ನಡೆದಿರುತ್ತದೆ, ನೋಡಲು ಚೆಲುವು. ಆದರೆ ಕಾಡು ನೋಡಿದ ಮೇಲೆ ಮತ್ತೆ ಮರಗಳೇ. ಮೇಲಾಗಿ ಮೊಣಕಾಲ ನೋವಿನವರಿಗೆ ಆ ಚಳಿ, ಆ ಏರಿಳಿತ. ಚಿಕ್ಕಮಗಳೂರಿಗೂ ಇದೇ ಆಕ್ಷೇಪ. ಮೂರನೆಯದು ಮೈಸೂರಿನಲ್ಲೇ ನಿಲ್ಲುವುದು. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಸತಿಗೆಂದು 1921ರಲ್ಲಿ ಅಸ್ತಿಭಾರ ಹಾಕಿಸಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು. ಅರಮನೆಯಲ್ಲಿ ಮಲಗಿ ಏಳುವ ಕಲ್ಪನೆ ನನ್ನ ಹೆಂಡತಿಗೆ ಬಹಳ ಹಿಡಿಸಿತ್ತು. ‘ಅರಮನಿಯಾಗ ಮಕ್ಕಳ್ನ ಓಡ್ಯಾಡ್ಲಾಕ ಬಿಡ್ತಾರೇನು?’ ಎಂದು ಅತ್ತಿಗೆ ಕೇಳಿದರು. ಅಲ್ಲಿಗೆ ಅದೂ ಹೋಯಿತು. ನನ್ನ ಮನಸ್ಸಿನಲ್ಲಿದ್ದದ್ದು ಹಂಪೆ. ಊರಿನ ಕಡೆಗೆ ಬರುವ ದಾರಿ, ಹಿತವಾದ ಹವೆ, ಬಳಿಯ ಕಮಲಾಪುರದಲ್ಲಿ ವಿಜಯನಗರದ ಅರಮನೆಯ ಮಾದರಿಯಲ್ಲಿ ಕಟ್ಟಿದ ಭವ್ಯ ವಸತಿಗೃಹ. ಆದರೆ ಹಂಪೆಯೆಂದರೆ ನಾನು ವಿವರಣೆ ಕೊಡತೊಡಗುವೆನೆಂಬ ಭಯ ಮನೆಯವರೆಲ್ಲರಿಗೂ ಇತ್ತು. ಅದು ನಿರಾಧಾರವಾದ ಭಯವಲ್ಲ. ಕೊನೆಗೆ ಕಬಿನಿಗೆ ಹೋಗುವವರೆಗೂ ತೀರ್ಮಾನವಾಗಲಿಲ್ಲ. ಅಣ್ಣ ಕೊಡಗಿನಲ್ಲಿ ಕೋಣೆಗಳನ್ನು ಹಿಡಿದಿಟ್ಟಿದ್ದ. ಬೇಡವೆಂದರೆ ಹಣ ಮರಳುವ ಏರ್ಪಾಡು.

ಕಲಬುರಗಿಯಿಂದ ಬಸವ ಎಕ್ಸ್‌ಪ್ರೆಸ್ ಹತ್ತಿದರೆ ನೇರವಾಗಿ ಮೈಸೂರು. ಅವ್ವ ಹನ್ನೆರಡು ಜನಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದಳು. ಮೈಸೂರಿನಲ್ಲಿ ಅಣ್ಣನ ಪರಿವಾರ ಕೂಡಿಕೊಂಡಿತು. ಹದಿನಾಲ್ಕರ ಮಗಳು, ಒಂಬತ್ತರ ಮಗ. ಹುಡುಗ ಅಪ್ಪನನ್ನು ‘ಮುತ್ಯಾ’ ಎಂದು ಕರೆದ ರೀತಿಯಲ್ಲಿ ಟೆಕ್ಸಾಸಿನ ಗಾಳಿ ಇತ್ತು. ಅಪ್ಪ ಅದನ್ನು ಇನ್ನೊಮ್ಮೆ ಕೇಳುವ ಸಲುವಾಗಿ ಕಿವಿ ಕೇಳಿಸದವರಂತೆ ನಟಿಸಿದರು. ಒಂಬತ್ತು ಜನ ಒಂದು ಟೆಂಪೊ ಟ್ರಾವೆಲರಿನಲ್ಲಿ ಹೆಗ್ಗಡದೇವನಕೋಟೆಯ ದಾರಿ ಹಿಡಿದೆವು.

ಕಬಿನಿ, ಅಂದರೆ ಕಪಿಲಾ ನದಿ. ಬೀಚನಹಳ್ಳಿಯ ಹತ್ತಿರ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದಾಗಿ ಹಿನ್ನೀರು ಕಾಡಿನೊಳಗೆ ಚಾಚಿ ನಿಂತಿದೆ. ಒಂದು ದಂಡೆಗೆ ನಾಗರಹೊಳೆ, ಇನ್ನೊಂದಕ್ಕೆ ಬಂಡೀಪುರ. ಮಾಸ್ತಿಯವರ ನಾಟಕದಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಕಾಕನಕೋಟೆ ಈ ಸೀಮೆಯದೇ. ಮೈಸೂರು ಅರಸರ ಕಾಲದ ಖೆಡ್ಡಾಗಳು ನಡೆದದ್ದು ಇಲ್ಲಿ. ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿಗಳಿಂದ ಬೆದರಿಸಿ, ಹೊಳೆ ದಾಟಿಸಿ ದೊಡ್ಡಿಗೆ ನೂಕುವ ಆ ದೃಶ್ಯವನ್ನು ನೋಡಲು ವಿದೇಶದ ಗಣ್ಯರು ಬಂದು ಕೂರುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ರಾಜ್ಯ ಸರ್ಕಾರ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಹುಟ್ಟುಹಾಕಿದ ಮೇಲೆ, ಮಹಾರಾಜರ ಹಳೆಯ ಬೇಟೆ ಬಂಗಲೆಗಳಿದ್ದ ಕಾರಾಪುರದಲ್ಲಿ ಪ್ರವಾಸಿಗರ ವಸತಿ ಬೆಳೆಯಿತು. ಈಗ ಹಿನ್ನೀರಿನ ಉದ್ದಕ್ಕೂ ಖಾಸಗಿಯವರ ರಿಸಾರ್ಟುಗಳೂ ಇವೆ. ನಾವು ತಂಗಿದ್ದು ಅಂಥದೊಂದರಲ್ಲಿ. ಅದರ ಒಂದು ರಾತ್ರಿಯ ಬಾಡಿಗೆ ಎಷ್ಟೆಂದು ನಾನು ಅಪ್ಪನಿಗೆ ಹೇಳಲಿಲ್ಲ. ಅವರು ಹೇಗೋ ತಿಳಿದುಕೊಂಡು, ಅದನ್ನು ತೊಗರಿಯ ಕ್ವಿಂಟಲಿಗೆ ತಿರುಗಿಸಿ, ಸಂಜೆಯವರೆಗೆ ಮಾತಾಡದೆ ಇದ್ದರು.

ಹುಲಿ ಕಾಣಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸಫಾರಿಯ ಲೇಖನವೆಂದರೆ ಓದುಗರು ಕೊನೆಯವರೆಗೆ ಹುಲಿಗಾಗಿ ಕಾಯುತ್ತಾರೆ. ಕಬಿನಿಯಲ್ಲಿ ಆನೆಗಳ ಜಾತ್ರೆ ನೆರೆಯುವುದು ಬೇಸಿಗೆಯಲ್ಲಿ; ಹಿನ್ನೀರು ಇಳಿದು ದಂಡೆಯಲ್ಲಿ ಹಸಿ ಹುಲ್ಲು ಚಿಗುರಿದಾಗ. ಡಿಸೆಂಬರಿನಲ್ಲಿ ನೀರು ತುಂಬಿರುತ್ತದೆ. ಪ್ರಾಣಿಗಳು ಕಾಡಿನೊಳಗೆ ಚದುರಿರುತ್ತವೆ. ಆದರೂ ದೋಣಿಯಿಂದ ಏಳು ಆನೆಗಳನ್ನು ನೋಡಿದೆವು. ನಡುವಿನಲ್ಲಿ ಒಂದು ಮರಿ. ಅದು ತಾಯಿಯ ಕಾಲುಗಳ ಸಂದಿಯಿಂದ ಸೊಂಡಿಲು ಚಾಚಿ ನಮ್ಮನ್ನು ಮೂಸಿದ್ದನ್ನು ಅಣ್ಣನ ಮಗ ಇಂದಿಗೂ ದೂರವಾಣಿಯಲ್ಲಿ ಹೇಳುತ್ತಾನೆ. ಕಾಟಿಗಳ ಹಿಂಡು, ಒಣಮರದ ಮೇಲೆ ರೆಕ್ಕೆ ಬಿಚ್ಚಿ ಕುಳಿತ ನೀರುಕಾಗೆ, ಒಂದು ಸಾರಿ ರಸ್ತೆಗೆ ಅಡ್ಡಲಾಗಿ ಓಡಿದ ಕೆಂಪು ಸೀಳುನಾಯಿಗಳು. ಅಪ್ಪನಿಗೆ ಬೆರಗು ಹುಟ್ಟಿಸಿದ್ದು ಇವಾವುವೂ ಅಲ್ಲ. ಮನುಷ್ಯರನ್ನು ಕಂಡರೂ ಓಡದೆ ನಿಂತ ಜಿಂಕೆ. ‘ನಮ್ಮ ಕಡೆ ಚಿಗರಿ ಮನಷ್ಯಾನ ನೆರಳ ಕಂಡ್ರ ಹಾರ್ತಾವ’ ಎಂದರು.

ಆ ರಾತ್ರಿ ಜೇವರ್ಗಿಯಿಂದ ಮಾವನವರ ಕರೆ ಬಂತು. ಏನೇನು ನೋಡಿದಿರಿ ಎಂದು ಕೇಳಿದರು. ಮಗಳು ವರ್ಣಿಸಿದಳು. ಕೇಳಿಸಿಕೊಂಡ ಅವರು, ‘ಛಲೋ ಆತು. ಇಲ್ಲಿ ಈಗ ನಾನೂ ತೊಗರ್ಯಾಗ ಅಟ್ಟಣಿಗಿ ಮ್ಯಾಲ ಕುಂತೀನವ್ವಾ, ಹಂದಿ ಕಾಯ್ಕೋತ. ನೀವು ರೊಕ್ಕ ಕೊಟ್ಟು ನೋಡ್ತೀರಿ, ನಾವು ರೊಕ್ಕ ಕಳಕೊಂಡು ನೋಡ್ತೀವಿ’ ಎಂದು ನಕ್ಕರು. ಜೇವರ್ಗಿಯ ಷಣ್ಮುಖ ಶಿವಯೋಗಿಗಳ ಮಠದಲ್ಲಿ ವಚನಗಳನ್ನು ಕೇಳುತ್ತ ಬೆಳೆದ ಜನ. ಮಾತನ್ನು ಹೀಗೆ ಎರಡು ತಕ್ಕಡಿಯಲ್ಲಿ ತೂಗಿ ಇಡುವುದು ಅವರಿಗೆ ಕಲಿಸದೆ ಬಂದ ವಿದ್ಯೆ. ನನ್ನ ಹೆಂಡತಿ ನಗಲಿಲ್ಲ. ಅರುವತ್ತೆಂಟರ ತಂದೆ ಆ ಚಳಿಯಲ್ಲಿ ಅಟ್ಟಣಿಗೆಯ ಮೇಲೆ. ತಾನು ಬಿಳಿಯ ಹಾಸಿಗೆಯ ಮೇಲೆ.

ಮರುದಿನ ಸಂಜೆ ಕೊಡಗೋ ಮತ್ತೊಂದೋ ಎಂಬುದು ತೀರ್ಮಾನವಾಗಬೇಕಿತ್ತು. ನೀರಿಗೆ ಮುಖಮಾಡಿದ ಜಗುಲಿಯಲ್ಲಿ ಎಲ್ಲರೂ ಕುಳಿತಿದ್ದೆವು. ಅಣ್ಣ ಕೊಡಗಿನ ಚಿತ್ರಗಳನ್ನು ತೋರಿಸಿದ. ಅಪ್ಪ, ‘ನೀವು ಹೋಗಿ ಬರ್ರಿ. ನನಗ, ನಿಮ್ಮವ್ವಗ ರೈಲಿಗಿ ಕೂಡಸ್ರಿ. ಎಳ್ಳಮಾಸಿಗಿ ರೊಟ್ಟಿ ಬಡೀಬೇಕು, ಮನಿ ಸಾರಸಬೇಕು’ ಎಂದರು. ಅಣ್ಣನ ಮುಖ ಬಿದ್ದುಹೋಯಿತು. ನನಗೆ ಸಿಟ್ಟು ಬಂದದ್ದು ಅಣ್ಣನ ಮೇಲೆ. ‘ಒಂದು ಹಬ್ಬಕ್ಕ ಬರೂದಕ್ಕ ಹನ್ನೊಂದು ವರ್ಷ ಬೇಕಾತು ನಿನಗ, ಈಗರೆ ನೆಟ್ಟಗ ಊರಿಗಿ ನಡಿ’ ಎಂದೆ. ಅವನೂ ಬಿಡಲಿಲ್ಲ. ‘ಅವ್ವಗ, ಅಪ್ಪಗ ನೀ ಎಲ್ಲಿಗಿ ಕರಕೊಂಡು ಹೋಗೀದಿ? ಆಳಂದದಿಂದ ಊರು ಎಷ್ಟು ದೂರದ?’ ಎಂದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಹಬ್ಬಕ್ಕೆ ತಪ್ಪದೆ ಹೋಗುತ್ತೇನೆ, ಉಣ್ಣುತ್ತೇನೆ, ಬುತ್ತಿ ಕಟ್ಟಿಸಿಕೊಂಡು ಬರುತ್ತೇನೆ. ಖರ್ಚನ್ನೆಲ್ಲ ಅವನೇ ಹಾಕುತ್ತಿದ್ದುದೂ ಒಳಗೊಳಗೇ ನನ್ನನ್ನು ಕಡಿಯುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವಷ್ಟು ಪ್ರಾಮಾಣಿಕತೆ ಆ ಗಳಿಗೆಯಲ್ಲಿ ಬರಲಿಲ್ಲ.

ಅಷ್ಟರಲ್ಲಿ ಅವ್ವ ಬಾಯಿ ತೆರೆದಳು. ‘ನಂಗ ಸಮುದ್ರ ನೋಡಬೇಕಾಗ್ಯಾದ’ ಎಂದಳು.

ಎಲ್ಲರೂ ಸುಮ್ಮನಾದೆವು. ಅವಳು ಅಪ್ಪನ ಕಡೆ ನೋಡದೆ ಮುಂದುವರಿಸಿದಳು: ‘ಲಗ್ನಾಗಿ ಬಂದಾಗಿಂದ ಎಳ್ಳಮಾಸಿ ಮಾಡ್ಲಾಕತ್ತೀನಿ. ನಾಕು ದಿನ ಮೊದಲ ರೊಟ್ಟಿ ಬಡಿಯೋದು, ಹಿಂದಿನ ರಾತ್ರಿ ನಿದ್ದಿ ಇಲ್ಲ. ಹೊಲದಾಗ ನಿಮಗೆಲ್ಲಾ ಬಡಿಸೂದ್ರಾಗ ಹೊತ್ತು ಮುಳಗ್ತದ. ಈ ವರ್ಷ ರೊಟ್ಟಿ ನಾಕು ಕಮ್ಮಿ ಆದ್ರ ಪಾಂಡವರೇನು ಸಿಟ್ಟಾಗಂಗಿಲ್ಲ.’

ಸಮುದ್ರದ ಆಸೆ ಅವಳಿಗೆ ಎಲ್ಲಿಂದ ಬಂತೆಂದು ಆಗ ಕೇಳಿ ತಿಳಿದೆವು. ಅವಳ ತವರು ಗಾಣಗಾಪುರದ ಸಮೀಪ. ಆಳಂದದ ಕಡೆಯಿಂದ ಬರುವ ಅಮರ್ಜಾ ಹೊಳೆ ಭೀಮೆಯನ್ನು ಸೇರುವ ಸಂಗಮ ಅಲ್ಲಿದೆ. ಶ್ರೀ ನರಸಿಂಹ ಸರಸ್ವತಿಗಳ ಪಾದುಕೆಗಳ ದರ್ಶನಕ್ಕೆ ಮಹಾರಾಷ್ಟ್ರದಿಂದ ಯಾತ್ರಿಕರು ಬರುತ್ತಾರೆ. ಐದು ಮನೆ ಮಧುಕರಿ ಬೇಡಿ ಉಣ್ಣುತ್ತಾರೆ. ಹಾಗೆ ಬಂದಿದ್ದ ಕೊಂಕಣದ ಹೆಂಗಸೊಬ್ಬಳು, ಜೋಳಿಗೆಗೆ ರೊಟ್ಟಿ ಹಾಕಿದ ಪುಟ್ಟ ಹುಡುಗಿಯ ಕೈಗೆ ಒಂದು ಕವಡೆಯನ್ನಿಟ್ಟು, ಇದು ಹುಟ್ಟುವ ನೀರಿಗೆ ಆಚೆಯ ದಡವೇ ಇಲ್ಲವೆಂದು ಹೇಳಿದ್ದಳಂತೆ. ಕವಡೆ ಯಾವಾಗಲೋ ಕಳೆದುಹೋಯಿತು. ಆಚೆಯ ದಡವಿಲ್ಲದ ನೀರು ಮಾತ್ರ ತಲೆಯಲ್ಲಿ ಉಳಿಯಿತು. ಮಹಾಪೂರ ಬಂದಾಗಲೆಲ್ಲ ಭೀಮೆಯನ್ನು ನೋಡಿ, ಸಮುದ್ರ ಇಷ್ಟೇ ಇದ್ದೀತೇ ಎಂದು ಅವಳು ಅಂದುಕೊಳ್ಳುತ್ತಿದ್ದಳಂತೆ. ನಲವತ್ತು ವರ್ಷಕ್ಕೆ ಹತ್ತಿರವಾಗಿರುವ ಮಗ ನಾನು. ಒಮ್ಮೆಯೂ ಇದನ್ನು ಕೇಳಿರಲಿಲ್ಲ.

ಅಪ್ಪ ಬಹಳ ಹೊತ್ತು ನೀರನ್ನು ನೋಡುತ್ತ ಕುಳಿತರು. ಆಮೇಲೆ, ‘ಅಮಾಸಿ ಮುಂಜಾನಿಗಿ ಹೊಲದಾಗ ಇರಬೇಕು. ಅದರೊಳಗ ಎಲ್ಲಿಗರ ನಡ್ರಿ’ ಎಂದರು.

ಕಡಲೆಂದರೆ ಯಾವ ಊರ ಕಡಲು? ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. ಅದೇ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರದ ಕಡೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾಗಿದ್ದರು. ಬಯಲುಸೀಮೆಯವರಿಗೆ ನದಿಯ ಭಯ ಗೊತ್ತು, ಕಡಲಿನದು ಗೊತ್ತಿಲ್ಲ. ಅದು ಮೊದಲ ನೋಟಕ್ಕೆ ಆಟವಾಡಲು ಕರೆಯುವಂತೆ ಕಾಣುತ್ತದೆ. ಸುರಕ್ಷತೆ, ಸ್ವಚ್ಛತೆಗಳಿಗಾಗಿ 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಪಡುಬಿದ್ರಿ, ಹೊನ್ನಾವರದ ಕಾಸರಕೋಡುಗಳನ್ನು ನಾನು ಸೂಚಿಸಿದೆ. ಅವ್ವ, ‘ದೇವರೂ ಇದ್ದ ಕಡಿ ನೋಡು’ ಎಂದಳು. ಗೋಕರ್ಣವೆಂದು ನಿಶ್ಚಯವಾಯಿತು. ಕ್ರಿಸ್ಮಸ್ಸಿನ ವಾರ, ಎಲ್ಲೆಡೆ ಕೋಣೆಗಳು ಭರ್ತಿ. ಗುಡ್ಡದ ಮೇಲಿನ ಒಂದು ರಿಸಾರ್ಟಿನಲ್ಲಿ ಯಾರೋ ಬಿಟ್ಟುಕೊಟ್ಟ ಎರಡು ಕೋಣೆಗಳು ದೊರೆತುವು. ಮೂರನೆಯದನ್ನು ಊರೊಳಗಿನ ಸಾಧಾರಣ ಲಾಡ್ಜಿನಲ್ಲಿ ಹಿಡಿದೆವು. ಆ ಮೂರನೆಯದರ ಬಾಡಿಗೆ ನನ್ನದು. ಅಣ್ಣ ಬೇಡವೆನ್ನಲಿಲ್ಲ, ಅದಕ್ಕಾಗಿ ನಾನು ಅವನಿಗೆ ಋಣಿ.

ದಾರಿಯನ್ನು ಬೇಗ ಮುಗಿಸುತ್ತೇನೆ. ಮೈಸೂರು, ಅರಸೀಕೆರೆ, ಶಿವಮೊಗ್ಗೆಯಲ್ಲಿ ರಾತ್ರಿ. ಮರುದಿನ ಜೋಗ; 830 ಅಡಿಯ ಧಾರೆಗಳು ಆ ಹೊತ್ತಿಗೆ ಬಿಳಿಯ ದಾರಗಳಂತೆ ತೆಳುವಾಗಿದ್ದುವು. ಗೇರುಸೊಪ್ಪೆಯ ಘಟ್ಟ ಇಳಿಯುವಾಗ ಮಕ್ಕಳು ವಾಂತಿ ಮಾಡಿಕೊಂಡರು. ಹೊನ್ನಾವರದ ಸೇತುವೆಯ ಮೇಲೆ ಶರಾವತಿಯನ್ನು ಕಂಡ ಅವ್ವ, ‘ಇದೇನು ಸಮುದ್ರ?’ ಎಂದಳು. ಅಲ್ಲವೆಂದೆ. ‘ಮತ್ತ ಇಷ್ಟು ದೊಡ್ಡದದಲ್ಲಾ’ ಎಂದು ಹಿಂದಿರುಗಿ ನೋಡಿದಳು.

ಗೋಕರ್ಣದಲ್ಲಿ ಮೊದಲ ಸಂಜೆ ಅವಳನ್ನು ಕುಡ್ಲೆಯ ದಂಡೆಗೆ ಇಳಿಸುವುದೇ ದೊಡ್ಡ ಸಾಹಸವಾಯಿತು. ಗುಡ್ಡದ ಮೆಟ್ಟಿಲುಗಳನ್ನು ಅಣ್ಣನೂ ನಾನೂ ಕೈಕೈ ಹೆಣೆದು ಪಲ್ಲಕ್ಕಿ ಮಾಡಿ ಇಳಿಸಿದೆವು. ಚಿಕ್ಕಂದಿನಲ್ಲಿ ಹೊಳೆಯ ದಂಡೆಯಲ್ಲಿ ಆಡುತ್ತಿದ್ದ ಆಟವದು. ಹೀಗಾಗಿ ಹಿರಿಯರನ್ನು ಕರೆದೊಯ್ಯುವವರಿಗೆ ನನ್ನ ಅರಿಕೆ ಇಷ್ಟೆ: ಕಡಲನ್ನು ಮೇಲಿನಿಂದ ತೋರಿಸುವ ರಿಸಾರ್ಟಿಗಿಂತ ಮರಳಿನ ಮಟ್ಟದಲ್ಲಿರುವ ಸಾಧಾರಣ ಮನೆ ಮೇಲು. ಆ ಊರೊಳಗಿನ ಲಾಡ್ಜಿನಿಂದ ದೇವಸ್ಥಾನದ ಮುಂದಿನ ದಂಡೆಗೆ ಒಂದೂ ಮೆಟ್ಟಿಲಿರಲಿಲ್ಲ. ಮರುದಿನ ಅಪ್ಪ ಅವ್ವ ಇಬ್ಬರೂ ಅಲ್ಲಿಗೇ ಬಂದುಬಿಟ್ಟರು. ನಾನೂ ನನ್ನ ಹೆಂಡತಿಯೂ ಅವರ ಈಜುಕೊಳದ ಕೋಣೆಗೆ ಬಡ್ತಿ ಹೊಂದಿದೆವು. ಅಲ್ಲಿಯ ಹಾಸಿಗೆ ಎಷ್ಟು ಮೆತ್ತಗಿತ್ತೆಂದರೆ ನನಗೆ ಬೆನ್ನು ನೋವು ಬಂತು.

ಅವ್ವ ನೀರಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಪಾದ ನೆನೆಸುತ್ತ ಕುಳಿತಳು. ಮೂರು ದಿನವೂ ಅಷ್ಟೆ. ಮಹಾಬಲೇಶ್ವರನ ದರ್ಶನ, ಕೋಟಿತೀರ್ಥ ಇವೆರಡರ ಹೊರತು ಅವಳು ಎಲ್ಲಿಗೂ ಬರಲೊಪ್ಪಲಿಲ್ಲ. ಒಂದು ಸಲ ಕೇಳಿದಳು: ‘ನಮ್ಮ ಭೀಮಿ ಇಲ್ಲಿಗಿ ಬರ್ತಾಳೇನು?’ ನಾನು ಮೇಷ್ಟರ ಗತ್ತಿನಲ್ಲಿ ವಿವರಿಸಿದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಈ ಕಡಲಿಗೆ ಅಷ್ಟು ಹತ್ತಿರವಿದ್ದೂ ಬೆನ್ನು ತಿರುಗಿಸಿ ಮೂಡಲಿಗೆ ಹರಿಯುತ್ತಾಳೆ. ಪಂಢರಾಪುರ ದಾಟಿ, ನಮ್ಮ ಅಫಜಲಪುರ, ಜೇವರ್ಗಿಗಳನ್ನು ಹಾಯ್ದು, ರಾಯಚೂರಿನ ಕಡೆ ಕೃಷ್ಣೆಯನ್ನು ಕೂಡಿ, ಆಂಧ್ರದ ಆಚೆ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ಅವ್ವ ಸ್ವಲ್ಪ ಯೋಚಿಸಿ, ‘ತವರಿನ ಬಾಗಲದಾಗ ಇದ್ದದ್ದು ಬಿಟ್ಟು ಅಷ್ಟು ದೂರ ಹೋದ್ಳು’ ಎಂದಳು. ಬಳಿಯಲ್ಲಿ ಅಣ್ಣ ನಿಂತಿದ್ದ. ಅವನು ಮರಳಿನಲ್ಲಿ ಕಾಲಬೆರಳು ಊರಿ ಏನನ್ನೋ ಗೀರುತ್ತಿದ್ದ.

ಅಪ್ಪ ಕಡಲನ್ನು ಒಪ್ಪಲಿಲ್ಲ. ಒಂದು ಬೊಗಸೆ ನೀರನ್ನು ನಾಲಗೆಗೆ ಮುಟ್ಟಿಸಿ ಉಗುಳಿ, ‘ಇಷ್ಟು ನೀರಿದ್ದು ಒಂದು ಬೆಳಿಗೂ ಬರಂಗಿಲ್ಲೇನು?’ ಎಂದು ಕೇಳಿದರು. ಹಿಂದಿನ ವರ್ಷ ಹೊಲದ ಬಾವಿಯ ತಳವನ್ನು ನೋಡಿದ ಕಣ್ಣು ಅವರದು. ಆದರೆ ಎರಡನೆಯ ದಿನ ಬೆಳಗ್ಗೆ ಬಲೆ ಎಳೆಯುತ್ತಿದ್ದ ಮೀನುಗಾರರ ಜೊತೆ ಮಾತಿಗಿಳಿದಿದ್ದರು. ಈ ವರ್ಷ ಮೀನು ಹೇಗೆ, ಸಾಲ ಎಷ್ಟು, ಮಕ್ಕಳು ಇದೇ ಕೆಲಸ ಮಾಡುತ್ತಾರೆಯೇ ಎಂದೆಲ್ಲ ವಿಚಾರಿಸಿ ಬಂದು, ‘ಅವರದೂ ನಮ್ಮಂಗ ಅದ’ ಎಂದರು. ಆಮೇಲೆ ಕಡಲಿನ ಮೇಲಿನ ಸಿಟ್ಟು ಕಡಮೆಯಾಯಿತು.

28ರಂದು ಹೊರಟೆವು. ಅಂಕೋಲೆ, ಯಲ್ಲಾಪುರ, ಹುಬ್ಬಳ್ಳಿ. ನರಗುಂದ ದಾಟಿದ ಮೇಲೆ ಎರಡೂ ಕಡೆ ಕಪ್ಪು ನೆಲ, ಕಡಲೆ, ಜೋಳ. ಕೊಲ್ಹಾರದ ಸೇತುವೆಯ ಮೇಲೆ ಕೃಷ್ಣೆ. ವಿಜಯಪುರದಲ್ಲಿ ರಾತ್ರಿ ಕಳೆದು 29ರ ಮಧ್ಯಾಹ್ನ ಭೀಮೆಯ ಸೇತುವೆ ದಾಟಿದೆವು. ಮನೆಯಲ್ಲಿ ಕಾಕಿ ಅರ್ಧ ರೊಟ್ಟಿ ಬಡಿದಿಟ್ಟಿದ್ದಳು. ಉಳಿದರ್ಧಕ್ಕೆ ನನ್ನ ಹೆಂಡತಿಯೂ ಅತ್ತಿಗೆಯೂ ಕುಳಿತರು. ಅಣ್ಣನಿಗೂ ನನಗೂ ಕೊಟ್ಟ ಕೆಲಸ ಭಜ್ಜಿಗೆ ಹಸಿ ತೊಗರಿ, ಅವರೆ, ಕಡಲೆ ಕಾಯಿಗಳನ್ನು ಬಿಡಿಸುವುದು. ಅಮೆರಿಕೆಯಲ್ಲಿ ನೂರು ಜನರ ಮೇಲೆ ಅಧಿಕಾರ ನಡೆಸುವವನು ರಾತ್ರಿ ಹನ್ನೊಂದರವರೆಗೆ ಕಾಳು ಬಿಡಿಸಿದ; ಉಗುರ ಸಂದಿ ಹಸಿರಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತ ಅವ್ವ ಒಂದೊಂದು ರೊಟ್ಟಿಗೂ ಒಂದೊಂದು ತಪ್ಪು ಹೇಳಿದಳು.

ಸೋಮವಾರ ಹೊಲದಲ್ಲಿ ಬನ್ನಿಯ ಗಿಡದ ಕೆಳಗೆ ಐದು ಕಲ್ಲು ನಿಲ್ಲಿಸಿ ಪೂಜೆಯಾಯಿತು. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಅಪ್ಪ ಚರಗದ ಬುಟ್ಟಿ ಹಿಡಿದು ಕೂಗುತ್ತ ಮುಂದೆ, ನೀರು ಚಿಮುಕಿಸುತ್ತ ಅಣ್ಣ ಹಿಂದೆ. ಜೋಳದ ನಡುವೆ ಅವರ ತಲೆಗಳೂ ಕಾಣುತ್ತಿರಲಿಲ್ಲ, ಕೂಗು ಮಾತ್ರ ಕೇಳುತ್ತಿತ್ತು. ಅಪ್ಪನ ಕೂಗಿಗೆ ಅಣ್ಣ ಕೊಡುತ್ತಿದ್ದ ಮಾರುತ್ತರ ಮೊದಲು ಮೊದಲು ತಪ್ಪಿತು. ನಾಲ್ಕನೆಯ ಸಾಲಿಗೆ ಸರಿಹೋಯಿತು.

ಊಟಕ್ಕೆ ಅವ್ವನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ನಾವು ಬಡಿಸಿದೆವು. ಅವಳು ಉಂಡದ್ದಕ್ಕಿಂತ ‘ಅಂಬಲಿ ಅತ್ತ ಹಾಕು, ಅವಗ ಭಜ್ಜಿ ಕಮ್ಮಿ ಆಗ್ಯಾದ’ ಎಂದು ಹೇಳಿದ್ದೇ ಹೆಚ್ಚು. ಉಂಡಾದ ಮೇಲೆ ಸೀರೆಯ ಗಂಟಿನಿಂದ ಒಂದು ನೀರಿನ ಬಾಟಲಿ ತೆಗೆದಳು. ಗೋಕರ್ಣದ ಸಮುದ್ರದ ನೀರು. ನಮಗಾರಿಗೂ ತಿಳಿಯದಂತೆ ತುಂಬಿಕೊಂಡು ಬಂದಿದ್ದಳು. ಹೊಲದ ನಾಲ್ಕು ಮೂಲೆಗೂ ಹಾಕುವ ಆಲೋಚನೆ. ಅಪ್ಪ ಹೌಹಾರಿ ಎದ್ದರು. ‘ಏ, ಉಪ್ಪುನೀರು ಹೊಲಕ್ಕ ಹಾಕ್ತಾರೇನು? ಬೆಳಿ ಸುಡ್ಬೇಕಂತ ಮಾಡೀದೇನು?’ ಎಂದು ಕೈಯಿಂದ ಬಾಟಲಿ ಕಸಿದುಕೊಂಡರು. ಮಕ್ಕಳು ನಕ್ಕರು. ಅಪ್ಪನೂ ಆಮೇಲೆ ನಕ್ಕರು. ಆದರೆ ನೀರನ್ನು ಚೆಲ್ಲಲಿಲ್ಲ. ಮನೆಗೆ ಬಂದವರೇ ಅದನ್ನು ತಾವೇ ದೇವರ ಗೂಡಿನಲ್ಲಿಟ್ಟರು. ಅಣ್ಣ ಜನವರಿ ಐದರಂದು ಹೊರಟುಹೋದ. ಕಳೆದ ವಾರ ಊರಿಗೆ ಹೋದಾಗಲೂ ಅದು ಅಲ್ಲೇ ಇತ್ತು. ನೀರು ಎರಡು ಬೆರಳಿನಷ್ಟು ಇಳಿದಿದೆ. ಮುಚ್ಚಳದ ಸುತ್ತ ಸಣ್ಣಗೆ ಉಪ್ಪು ಕಟ್ಟಿದೆ.